ಹೊಸ ರಿಂಗ್ ಹಾಕಿದ ಮೇಲೂ ಕಿಕ್ ಸಡಿಲ ಇದ್ದರೆ

ಬೈಕಿನ ಪಿಸ್ಟನ್‌ಗೆ ಹೊಸ ರಿಂಗ್ ಹಾಕಿ, ಕೈಯಲ್ಲೇ ಅದುಮಿ ಸಿಲಿಂಡರ್ ಇಳಿಸಿದೆ, ಈಗ ಕಿಕ್ ಸಡಿಲ (ಒತ್ತಡವೇ ಸಿಗುತ್ತಿಲ್ಲ) ಅಂದಿರಲ್ಲ, ರಿಂಗ್ ಮುರಿದಿರೋ ಸಾಧ್ಯತೆಯೇ ಹೆಚ್ಚು. ಆದರೂ ಬಿಚ್ಚೋ ಮೊದಲು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗದ ಸಂದು) ನೋಡಿ. ಅದು ಟೈಟ್ ಇದ್ದರೂ ಹೀಗೇ ಆಗುತ್ತೆ. ಸರಿಯಿದ್ದರೆ ಪ್ಲಗ್ ತೂತಿಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು, ಪ್ಲಗ್ ಹಾಕಿ ಕಿಕ್ ಮಾಡಿ. ಬಿಗಿಯಾಯಿತಾ, ತಪ್ಪು ರಿಂಗಿನದು. ಇಲ್ಲವಾದರೆ ಬಹುಶಃ ವಾಲ್ವ್. ಕಣ್ಣಾರೆ ನೋಡದೆ ಖಚಿತವಾಗಿ ಹೇಳಲಾರೆ.

ರಿಂಗೇ ಆದರೆ, ಸಿಲಿಂಡರ್ ಸ್ವಲ್ಪ ಎತ್ತಿದ ಕೂಡಲೇ ಕೆಳಗೆ ಬಟ್ಟೆ ತುರುಕಿ. ಮುರಿದ ರಿಂಗಿನ ಚೂರು ಕ್ರ್ಯಾಂಕ್‌ಕೇಸಿಗೆ (ಎಂಜಿನ್ನಿನ ಕೆಳಭಾಗದ ಪೆಟ್ಟಿಗೆಗೆ) ಬಿದ್ದರೆ ಪೂರ್ತಿ ಎಂಜಿನ್ ಬಿಚ್ಚಬೇಕಾದೀತು! ಸಿಲಿಂಡರ್ ಒಳಗೋಡೆಯಲ್ಲಿ ಉಗುರಿಗೆ ತಾಕುವ ಗೀರಿದ್ದರೆ ಅದನ್ನು ಕೊರೆಸಿ ಬೋರ್ ಮಾಡಿಸಲೇಬೇಕು. ಹೊಸ ರಿಂಗ್‌ಗಳ ಬಾಯಿ (ತುದಿಗಳ ನಡುವಿನ ಸೀಳು) 120 ಡಿಗ್ರಿ ಅಂತರದಲ್ಲಿರಲಿ. ಈ ಸಲ ಕೈಯಲ್ಲಿ ಅದುಮದೆ, ತೆಳು ತಗಡಿನ ಪಟ್ಟಿಗೆ ಆಯಿಲ್ ಸವರಿ, ರಿಂಗ್ ಮೇಲೆ ಸುತ್ತಿ, ಹೋಸ್ ಕ್ಲಿಪ್‌ನಿಂದ ಬಿಗಿಯಿರಿ. ಪಟ್ಟಿ ಜಾರುವಷ್ಟು ಮಾತ್ರ. ಸಿಲಿಂಡರ್ ಕೈ ಒತ್ತಡಕ್ಕೇ ಇಳಿಯಬೇಕು. ತಡೆದರೆ ಮೇಲೆತ್ತಿ ನೋಡಿ, ಸುತ್ತಿಗೆ ಮುಟ್ಟಬೇಡಿ.