‘ಇಂಟರ್‌ನೆಟ್ಟೇ ಇಲ್ಲದ ಕಂಟ್ರೋಲ್ ರೂಮಿಗೆ ಹ್ಯಾಕರ್ ಬರ್ತಾನಾ?’

ಪ್ರಶ್ನೆ: ವಿದ್ಯುತ್ ಕಂಪನಿಯ ಸ್ಕಾಡಾ (ಸಬ್‌ಸ್ಟೇಷನ್‌ಗಳನ್ನು ದೂರದಿಂದಲೇ ನೋಡಿ ನಿಯಂತ್ರಿಸುವ ಕಂಪ್ಯೂಟರ್) ವ್ಯವಸ್ಥೆಗೆ ಇಂಟರ್‌ನೆಟ್ ಸಂಪರ್ಕವೇ ಇಲ್ಲವಂತೆ. ಮತ್ತೆ ಭಯ ಯಾಕೆ?

ಉತ್ತರ: ಉತ್ತರಿಸಿ ಉತ್ತರಿಸಿ ಸಾಕಾಗಿದೆ. ಇಲ್ಲ ಅಂತ ನಿಮಗೆ ಹೇಳಿದ್ದು ಯಾರು? ಜಾಲದ ನಕ್ಷೆಯಲ್ಲಿ ಆ ಸಂಪರ್ಕ ಇರುವುದಿಲ್ಲ, ನಿಜ. ಆದರೆ ಕಚೇರಿಗೆ ವರದಿ ಹೋಗಬೇಕು. ರಿಲೇ (ದೋಷ ಕಂಡರೆ ಲೈನ್ ಕಡಿಸುವ ಸಾಧನ) ರಿಪೇರಿಯವನು ತನ್ನ ಲ್ಯಾಪ್‌ಟಾಪ್ ಚುಚ್ಚಬೇಕು. ರಾತ್ರಿ ಪಾಳಿಯವನಿಗೆ ಪೆನ್‌ಡ್ರೈವ್‌ನಲ್ಲಿ ಸಿನಿಮಾ ಬೇಕು. ಒಂದೊಂದೂ ಒಳಕ್ಕೆ ಬರಲು ದಾರಿಯೇ.

ಉಕ್ರೇನ್‌ನಲ್ಲಿ ಏನಾಯಿತು ಕೇಳಿ. 2015ರ ಡಿಸೆಂಬರ್ 23. ಅಲ್ಲಿನ 3 ವಿತರಣಾ ಕಂಪನಿಗಳ ಸುಮಾರು 2.25 ಲಕ್ಷ ಗ್ರಾಹಕರಿಗೆ ಕರೆಂಟ್ ಹೋಯಿತು. ಕಳ್ಳರು ಒಳಗೆ ಬಂದದ್ದು ತಿಂಗಳುಗಳ ಹಿಂದೆ, ಕಚೇರಿ ಸಿಬ್ಬಂದಿಗೆ ಬಂದ ಇಮೇಲ್‌ನ ಫೈಲ್ ಮೂಲಕ. ಮ್ಯಾಕ್ರೋ (ಫೈಲಿನೊಳಗೆ ಅಡಗಿದ ಪುಟ್ಟ ಪ್ರೋಗ್ರಾಂ) ಆನ್ ಮಾಡಿ ಎಂದಿತು, ಮಾಡಿದರು. ಅಲ್ಲಿಂದ ಪಾಸ್‌ವರ್ಡ್ ಕದ್ದು, ಸಿಬ್ಬಂದಿ ದೂರದಿಂದ ಜಾಲದೊಳಗೆ ಬರಲು ಬಳಸುವ ವಿಪಿಎನ್ ಬಾಗಿಲಿನಿಂದಲೇ ಸ್ಕಾಡಾಗೆ ಹೋದರು. ಎರಡನೇ ಪರಿಶೀಲನೆ, ಒಟಿಪಿಯಂಥದ್ದು, ಇರಲೇ ಇಲ್ಲ. ಆಪರೇಟರ್ ನೋಡುತ್ತಿದ್ದಂತೆ ಮೌಸ್ ತಾನಾಗೇ ಓಡಾಡಿ, ಲೈನಿನ ದೊಡ್ಡ ಸ್ವಿಚ್‌ಗಳಾದ ಬ್ರೇಕರ್‌ಗಳನ್ನು ತೆರೆದು ಕರೆಂಟ್ ಕಡಿಯಿತು. ಗ್ರಾಹಕರ ದೂರು ತಲುಪದಂತೆ ಸುಳ್ಳು ಕರೆಗಳಿಂದ ಕಾಲ್ ಸೆಂಟರ್ ತುಂಬಿಸಿದರು. ಸಬ್‌ಸ್ಟೇಷನ್‌ಗೆ ಆದೇಶ ಒಯ್ಯುವ ಉಪಕರಣಗಳ ಫರ್ಮ್‌ವೇರ್ (ಒಳಗಿನ ಸಾಫ್ಟ್‌ವೇರ್) ಕೂಡ ಹಾಳು ಮಾಡಿದರು.

ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂತು. ಹೇಗೆ ಗೊತ್ತಾ? ಸಿಬ್ಬಂದಿ ಸಬ್‌ಸ್ಟೇಷನ್‌ಗಳಿಗೇ ಹೋಗಿ ಬ್ರೇಕರ್‌ಗಳನ್ನು ಕೈಯಲ್ಲೇ ಹಾಕಿದರು! ಎಲ್ಲ ಆಟೊಮ್ಯಾಟಿಕ್ ಆಯಿತು, ಇನ್ನು ಲೈನ್‌ನವರು ಯಾಕೆ ಎನ್ನುವ ಮ್ಯಾನೇಜರ್‌ಗಳನ್ನು ಕಂಡರೆ ನನಗೆ ಮೈ ಉರಿಯುವುದು ಇದಕ್ಕೇ. ಕೈಯಲ್ಲಿ ಬ್ರೇಕರ್ ಹಾಕಲು ಬರುವ ಇಬ್ಬರಾದರೂ ಪ್ರತಿ ಪಾಳಿಯಲ್ಲಿ ಇರಲಿ. ಇದು ನನ್ನ ಹಳೇ ಕಾಲದ ಹಟ, ಇರಲಿ ಬಿಡಿ.

ಪ್ರಶ್ನೆ: ಸಬ್‌ಸ್ಟೇಷನ್‌ ಉಪಕರಣಗಳ ಭಾಷೆ ಹೊರಗಿನವರಿಗೆ ಅರ್ಥವಾಗುವುದಿಲ್ಲ ಅಲ್ವಾ?

ಉತ್ತರ: ಅದು ಗುಟ್ಟಲ್ಲ, ದುಡ್ಡು ಕೊಟ್ಟರೆ ಸಿಗುವ ಮುದ್ರಿತ ಮಾನದಂಡ. 2016ರ ಡಿಸೆಂಬರ್‌ನಲ್ಲಿ ಕೀವ್‌ನಲ್ಲಿ ಕತ್ತಲೆ ಮಾಡಿದ ಇಂಡಸ್ಟ್ರೋಯರ್ ಎಂಬ ದುಷ್ಟ ಸಾಫ್ಟ್‌ವೇರ್ ಅಂಥ ನಾಲ್ಕು ಭಾಷೆ ಕಲಿತೇ ಬಂದಿತ್ತು.

ಪ್ರಶ್ನೆ: ಮುಂಬೈಯಲ್ಲಿ 2020ರ ಅಕ್ಟೋಬರ್ 12ರಂದು ಕರೆಂಟ್ ಹೋದದ್ದು ಚೀನಾದವರಿಂದಲೇ?

ಉತ್ತರ: ಸೈಬರ್ ದಾಳಿಯ ಶಂಕೆ ಎಂದಿತು ಮಹಾರಾಷ್ಟ್ರ ಸರ್ಕಾರ, ಮನುಷ್ಯರ ತಪ್ಪು ಎಂದರು ಕೇಂದ್ರ ಇಂಧನ ಸಚಿವರು. ನಾನು ಪುರಾವೆ ನೋಡದೆ ಹ್ಯಾಕರ್ ಹೆಸರು ಎತ್ತುವವನಲ್ಲ. ನಮ್ಮಲ್ಲಿ ಕರೆಂಟ್ ತೆಗೆಯಲು ಒಂದು ಅಳಿಲು ಸಾಕು.

ಪ್ರಶ್ನೆ: ಒಂದು ಸೈಬರ್ ಭದ್ರತಾ ಪೆಟ್ಟಿಗೆ ಕೂರಿಸಿದರೆ ಶೇ 100 ರಕ್ಷಣೆ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಮಾರುವವನಿಗೆ ಟೀ ಕೊಟ್ಟು ಕಳಿಸಿ.

ಪ್ರಶ್ನೆ: ‘ಇವತ್ತು ರಾತ್ರಿ 9.30ಕ್ಕೆ ನಿಮ್ಮ ಕರೆಂಟ್ ಕಟ್, ಈ ನಂಬರಿಗೆ ಕರೆ ಮಾಡಿ’ ಎಂಬ ಮೆಸೇಜ್ ಬಂದಿದೆ. ಕಂಪನಿಯೇ ಹ್ಯಾಕ್ ಆಗಿದೆಯೇ?

ಉತ್ತರ: ಇಲ್ಲ. ಅವರು ಹ್ಯಾಕ್ ಮಾಡಲು ನೋಡುತ್ತಿರುವುದು ನಿಮ್ಮನ್ನು. ಕರೆ ಮಾಡಬೇಡಿ.