ಓದುಗರ ಪ್ರಶ್ನೆ: ಮೊಬೈಲ್ ಬ್ಯಾಟರಿಗಳಲ್ಲಿ ಎಷ್ಟು ಬಗೆ?

ಪ್ರಶ್ನೆ: ನಮ್ಮ ತಂದೆಯವರ ಕೀಪ್ಯಾಡ್ ಫೋನಿನ ಬ್ಯಾಟರಿಯ ಮೇಲೆ 'ಲಿ-ಅಯಾನ್' ಎಂದೂ, ನನ್ನ ಸ್ಮಾರ್ಟ್‌ಫೋನಿನ ಪೆಟ್ಟಿಗೆಯ ಮೇಲೆ 'ಲಿ-ಪೋ' ಎಂದೂ ಇದೆ. ಬೀರುವಿನಲ್ಲಿರುವ ಇನ್ನೊಂದು ಹಳೆಯ ಫೋನಿನ ಬ್ಯಾಟರಿ 'ಎನ್‌ಐ-ಎಂಎಚ್' ಆಗಿದೆ. ಇವುಗಳ ನಡುವಿನ ವ್ಯತ್ಯಾಸವೇನು? ಪೂರ್ತಿ ಖಾಲಿಯಾದ ಮೇಲೆಯೇ ಚಾರ್ಜ್ ಮಾಡಬೇಕೆಂದು ತಂದೆಯವರು ಹೇಳುವುದು ಸರಿಯೇ?
– ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ತಂದೆಯವರ ಮಾತು ಸುಳ್ಳಲ್ಲ, ಆದರೆ ಅದು ಬೀರುವಿನಲ್ಲಿರುವ ಆ ಫೋನಿಗೂ ಹಿಂದಿನ ಕಾಲದ್ದು. ಮೊಬೈಲಿನ ಆರಂಭದ ದಿನಗಳಲ್ಲಿ ಬಳಕೆಯಲ್ಲಿದ್ದ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಅರ್ಧ ಖರ್ಚಾದಾಗಲೇ ಮತ್ತೆ ಮತ್ತೆ ಚಾರ್ಜ್ ಮಾಡುತ್ತ ಬಂದರೆ, ಆ ಮಟ್ಟ ತಲುಪುತ್ತಿದ್ದಂತೆ ಅದರ ವೋಲ್ಟೇಜ್ ಕುಸಿದು, ಒಳಗೆ ಶಕ್ತಿ ಉಳಿದಿದ್ದರೂ ಫೋನು ಆಫ್ ಆಗುತ್ತಿತ್ತು. ಇದನ್ನು 'ಮೆಮೊರಿ ಎಫೆಕ್ಟ್' ಎನ್ನುತ್ತಿದ್ದರು. ಆಗಾಗ ಪೂರ್ತಿ ಖಾಲಿ ಮಾಡಿ ತುಂಬಿಸುವುದೇ ಅದಕ್ಕೆ ಪರಿಹಾರವಾಗಿತ್ತು. ಕ್ಯಾಡ್ಮಿಯಂ ವಿಷಲೋಹವೂ ಹೌದು. ಅದರ ಜಾಗಕ್ಕೆ ಬಂದ ನಿಕ್ಕಲ್-ಮೆಟಲ್ ಹೈಡ್ರೈಡ್, ಅಂದರೆ ನಿಮ್ಮ 'ಎನ್‌ಐ-ಎಂಎಚ್', ಅಷ್ಟೇ ಗಾತ್ರದಲ್ಲಿ ಹೆಚ್ಚು ಶಕ್ತಿ ಹಿಡಿಯುತ್ತಿತ್ತು ಮತ್ತು ಅದರಲ್ಲಿ ಈ ದೋಷವೂ ಕಡಿಮೆಯಿತ್ತು. ಆದರೆ ಬಳಸದೆ ಇಟ್ಟರೂ ಅದು ತಾನಾಗಿಯೇ ಬೇಗ ಖಾಲಿಯಾಗುತ್ತಿತ್ತು.

ನಿಕ್ಕಲ್ ಜಾತಿಯ ಒಂದು ಸೆಲ್ ಕೊಡುವುದು 1.2 ವೋಲ್ಟ್ ಮಾತ್ರ, ಆದ್ದರಿಂದ ಫೋನಿಗೆ ಮೂರು ಸೆಲ್‌ಗಳನ್ನು ಸಾಲಾಗಿ ಜೋಡಿಸಿ 3.6 ವೋಲ್ಟ್ ಪಡೆಯುತ್ತಿದ್ದರು. ಲಿಥಿಯಂ-ಅಯಾನ್‌ನ ಒಂದೇ ಸೆಲ್ 3.6ರಿಂದ 3.7 ವೋಲ್ಟ್ ಕೊಡುತ್ತದೆ, ತೂಕವೂ ಕಡಿಮೆ. ನೋಕಿಯಾ 3310 ಫೋನಿಗೆ ನಿಕ್ಕಲ್ ಮತ್ತು ಲಿಥಿಯಂ ಎರಡೂ ಬಗೆಯ ಬ್ಯಾಟರಿಗಳು ಹೊಂದುತ್ತಿದ್ದುದು ಇದರಿಂದಲೇ. ಲಿಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಸೋನಿ ಕಂಪನಿ ಮಾರುಕಟ್ಟೆಗೆ ತಂದಿತು; ಅದಕ್ಕೆ ತಳಹದಿ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್ ಮತ್ತು ಯೊಶಿನೊ ಅವರಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಸಂದಿತು.

ಲಿಥಿಯಂ ಬ್ಯಾಟರಿಗೆ ಮೆಮೊರಿ ಎಫೆಕ್ಟಿನ ತೊಂದರೆ ಇಲ್ಲವೆಂದೇ ಹೇಳಬಹುದು. ಪೂರ್ತಿ ಬರಿದಾಗುವುದೇ ಅದಕ್ಕೆ ಹಾನಿ: ವೋಲ್ಟೇಜ್ ಮಿತಿಮೀರಿ ಇಳಿದರೆ ಒಳಗಿನ ತಾಮ್ರದ ಹಾಳೆ ಕರಗತೊಡಗುತ್ತದೆ. ಹಾಗಾಗಬಾರದೆಂದೇ ಬ್ಯಾಟರಿಯಲ್ಲಿರುವ ರಕ್ಷಣಾ ಸರ್ಕೀಟು ಅದಕ್ಕೂ ಮೊದಲೇ ಸಂಪರ್ಕ ಕಡಿದುಹಾಕುತ್ತದೆ. ಶೇ 20ಕ್ಕೆ ಇಳಿದಾಗ ಚಾರ್ಜಿಗೆ ಹಾಕಿ, ಶೇ 80ರ ಆಸುಪಾಸಿನಲ್ಲಿ ತೆಗೆದರೆ ಅದು ಹೆಚ್ಚು ಕಾಲ ಬಾಳುತ್ತದೆ. ಹೊಸ ಫೋನನ್ನು ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡಬೇಕೆಂಬುದೂ ನಿಕ್ಕಲ್ ಕಾಲದ ಪಾಠವೇ. ಈ ಎಲ್ಲಕ್ಕಿಂತ ದೊಡ್ಡ ಶತ್ರು ಬಿಸಿ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಫೋನು ಬಿಡುವುದನ್ನು ಮತ್ತು ದಿಂಬಿನ ಕೆಳಗಿಟ್ಟು ಚಾರ್ಜ್ ಮಾಡುವುದನ್ನು ದಯವಿಟ್ಟು ನಿಲ್ಲಿಸಿ.

'ಲಿ-ಪೋ' ಅಥವಾ ಲಿಥಿಯಂ-ಪಾಲಿಮರ್ ಎಂಬುದು ಬೇರೆ ಕುಲದ್ದೇನೂ ಅಲ್ಲ. ರಸಾಯನ ಬಹುಪಾಲು ಅದೇ. ಗಟ್ಟಿ ಲೋಹದ ಡಬ್ಬಿಯ ಬದಲು ತೆಳುವಾದ ಅಲ್ಯುಮಿನಿಯಂ ಪದರದ ಚೀಲದಲ್ಲಿರುವುದರಿಂದ ಬೇಕಾದ ಆಕಾರಕ್ಕೆ ತರಬಹುದು. ಈ ಹೆಸರು ನೋಡಿ ಫೋನು ಆರಿಸಬೇಕಾಗಿಲ್ಲ. ನೋಡಬೇಕಾದುದು ಅಂಕಿಗಳನ್ನು. ಕೀಪ್ಯಾಡ್ ಫೋನುಗಳಲ್ಲಿ ಬರುತ್ತಿದ್ದ ಬಿಎಲ್-5ಸಿ ಬ್ಯಾಟರಿಯ ಮೇಲೆ 3.7 ವೋಲ್ಟ್, 1020 ಎಂಎಎಚ್ ಎಂದಿರುತ್ತದೆ. ಇವೆರಡನ್ನು ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 3.8 ವ್ಯಾಟ್-ಅವರ್. ಬ್ಯಾಟರಿಯ ನಿಜವಾದ ಶಕ್ತಿಯನ್ನು ಹೇಳುವುದು ಈ ಕೊನೆಯ ಅಂಕಿ.

ಪ್ರಶ್ನೆ: 'ಸಿಲಿಕಾನ್-ಕಾರ್ಬನ್' ಬ್ಯಾಟರಿ ಎಂದರೇನು?
– ಓದುಗರೊಬ್ಬರು, ಹಾಸನ

ಉತ್ತರ: ಇದೂ ಲಿಥಿಯಂ-ಅಯಾನ್ ಬ್ಯಾಟರಿಯೇ. ಸಾಮಾನ್ಯ ಬ್ಯಾಟರಿ ಚಾರ್ಜ್ ಆಗುವಾಗ ಲಿಥಿಯಂ ಹೋಗಿ ಸೇರುವುದು ಗ್ರಾಫೈಟಿನಲ್ಲಿ. ಅಷ್ಟೇ ತೂಕದ ಸಿಲಿಕಾನ್ ಅದರ ಸುಮಾರು ಹತ್ತು ಪಟ್ಟು ಲಿಥಿಯಂ ಹಿಡಿಯಬಲ್ಲದು, ಆದರೆ ಹಿಡಿಯುವಾಗ ಮೂರು ಪಟ್ಟಿಗೂ ಮೀರಿ ಹಿಗ್ಗಿ, ಬಿರುಕು ಬಿಡುತ್ತದೆ. ಹಾಗಾಗಿ ಸಿಲಿಕಾನನ್ನು ಕಾರ್ಬನ್ನಿನೊಂದಿಗೆ ಬೆರೆಸಿ ಬಳಸುತ್ತಾರೆ. ಫೋನು ದಪ್ಪವಾಗದೆಯೇ 6000 ಎಂಎಎಚ್ ದಾಟುತ್ತಿರುವುದಕ್ಕೆ ಇದೇ ಮುಖ್ಯ ಕಾರಣ.

ಪ್ರಶ್ನೆ: ಫೋನಿನ ಹಿಂಬದಿ ಸ್ವಲ್ಪ ಎದ್ದಂತೆ ಕಾಣುತ್ತಿದೆ. ಬಳಸಬಹುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬಳಸಬೇಡಿ, ಚಾರ್ಜಿಗಂತೂ ಹಾಕಲೇಬೇಡಿ. ಒಳಗಿನ ದ್ರಾವಣ ಒಡೆದು ಅನಿಲವಾಗಿ ಬ್ಯಾಟರಿ ಉಬ್ಬಿದೆ. ತೆಗೆಯಬಹುದಾದ ಬ್ಯಾಟರಿಯಾದರೆ ಸಮತಟ್ಟಾದ ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ ನೋಡಿ: ಸರಿಯಿರುವುದು ನಿಲ್ಲುತ್ತದೆ, ಉಬ್ಬಿದ್ದು ಬುಗುರಿಯಂತೆ ತಿರುಗುತ್ತದೆ. ಅದನ್ನು ಒತ್ತಬೇಡಿ, ಚುಚ್ಚಬೇಡಿ. ಫೋನನ್ನು ಆಫ್ ಮಾಡಿ, ಬಟ್ಟೆ-ಕಾಗದಗಳಿಂದ ದೂರ, ಕಲ್ಲಿನ ನೆಲದ ಮೇಲಿಟ್ಟು, ಆದಷ್ಟು ಬೇಗ ಅಧಿಕೃತ ಸೇವಾ ಕೇಂದ್ರಕ್ಕೆ ಒಪ್ಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸುವ ಹೊಣೆ ಉತ್ಪಾದಕರದು. ಮನೆಯ ಕಸದ ಬುಟ್ಟಿಗೆ ಮಾತ್ರ ಹಾಕಬೇಡಿ. ಕಸದ ಗಾಡಿಯಲ್ಲಿ ಅದು ನಜ್ಜುಗುಜ್ಜಾಗಿ ಹೊತ್ತಿಕೊಂಡರೆ, ಆ ಬೆಂಕಿಗೆ ಮೊದಲು ಕೈ ಒಡ್ಡಬೇಕಾದವರು ಪೌರಕಾರ್ಮಿಕರು.