ಬೂಟ್ ಆಗುವಾಗ ಎರರ್ ಬಂದ್ರೆ ಯಾರಿಗೆ ಹೇಳ್ಬೇಕು?

ಪ್ರಶ್ನೆ: ನಮ್ಮ ಅಡಿಕೆ ಸೊಸೈಟಿಯ ಕಂಪ್ಯೂಟರಲ್ಲಿ ಲಿನಕ್ಸ್ ಉಂಟು. ಆನ್ ಆಗುವಾಗ ಲೆಕ್ಕದ ಡಿಸ್ಕ್ ಮೌಂಟ್ ಮಾಡ್ಲಿಕ್ಕೆ (ಒಂದು ಫೋಲ್ಡರಿಗೆ ಜೋಡಿಸ್ಲಿಕ್ಕೆ) ನಾನೇ ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡುಗಳ ಪಟ್ಟಿ) ಬರ್ದು, ಪ್ರೋಗ್ರಾಮುಗಳನ್ನು ಶುರು ಮಾಡುವ ಸಿಸ್ಟಮ್‌ಡಿಗೆ ಹಾಕಿದ್ದೇನೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಬಂದಾಗ ಕೆಲವು ಸಲ ಮೌಂಟ್ ಆಗುದಿಲ್ಲ, ಸ್ಕ್ರಿಪ್ಟ್ ಬರೇ "ಫೇಲ್" ಅಂತ ಬರೀತದೆ, ಆದ್ರೂ ಲೆಕ್ಕದ ಪ್ರೋಗ್ರಾಮ್ ಸ್ಟಾರ್ಟ್ ಆಗ್ತದೆ. ಎರರ್ ಸರಿಯಾಗಿ ತೋರಿಸುದು ಹೇಗೆ ಸರ್?
– ಓದುಗರು, ಬದಿಯಡ್ಕ

ಉತ್ತರ: ಮೊದ್ಲು ಆ ಪ್ರೋಗ್ರಾಮನ್ನು ನಿಲ್ಲಿಸಿ. ಡಿಸ್ಕ್ ಇಲ್ಲದೆ ಸ್ಟಾರ್ಟ್ ಆದ್ರೆ ಅದು ಮೌಂಟ್ ಆಗ್ಬೇಕಿದ್ದ ಖಾಲಿ ಫೋಲ್ಡರಿಗೇ ಬರೀತದೆ, ಮರುದಿನ ಡಿಸ್ಕ್ ಮೌಂಟ್ ಆದ ಕೂಡ್ಲೇ ಹಿಂದಿನ ದಿನದ ತೂಕದ ಲೆಕ್ಕ ಎಲ್ಲ ಅದರ ಅಡಿಯಲ್ಲಿ ಮರೆಯಾಗ್ತದೆ. ಅಳಿಸಿ ಹೋಗಿರುದಿಲ್ಲ, ಅನ್‌ಮೌಂಟ್ ಮಾಡಿ ನೋಡಿದ್ರೆ ಸಿಗ್ತದೆ, ಅದನ್ನು ಕಾಪಿ ಮಾಡಿ ಇಟ್ಕೊಳ್ಳಿ.

ನಿಮ್ಮ ಸ್ಕ್ರಿಪ್ಟಿನ ಕೊನೆಗೆ "ಫೇಲ್" ಅಂತ ಬರೆಯುವ ಎಕೋ ಕಮಾಂಡ್ ಇರ್ಬೇಕು. ಶೆಲ್ ಸ್ಕ್ರಿಪ್ಟಿನ ಎಕ್ಸಿಟ್ ಕೋಡ್ (ಮುಗಿಯುವಾಗ ಕೊಡುವ ನಂಬರ್) ಅಂದ್ರೆ ಕೊನೆಗೆ ಓಡಿದ ಕಮಾಂಡಿನದ್ದು, ಎಕೋ ಚೆನ್ನಾಗೇ ಓಡ್ತದೆ, ಹಾಗಾಗಿ 0 ಹೋಗ್ತದೆ, 0 ಅಂದ್ರೆ ಎಲ್ಲ ಸರಿ ಅಂತ. ಸಿಸ್ಟಮ್‌ಡಿ ನೀವು ಬರೆದ ಅಕ್ಷರ ಓದಿ ತೀರ್ಮಾನ ಮಾಡುದಿಲ್ಲ, ನೋಡುದು ಈ ಕೋಡನ್ನು. ಎಕೋ ಆದ್ಮೇಲೆ ಎಕ್ಸಿಟ್ 1 ಅಂತ ಹಾಕ್ಲೇಬೇಕು. ಸ್ಕ್ರಿಪ್ಟ್ ಓಡಿಸುವ ಸರ್ವಿಸ್ ಒನ್‌ಶಾಟ್ (ಒಮ್ಮೆ ಓಡಿ ಮುಗಿಯುವಂಥದ್ದು) ಆಗಿರ್ಲಿ, ಲೆಕ್ಕದ ಪ್ರೋಗ್ರಾಮಿನ ಯೂನಿಟ್ ಫೈಲಲ್ಲಿ (ಸಿಸ್ಟಮ್‌ಡಿಗೆ ಸೂಚನೆ ಕೊಡುವ ಫೈಲ್) ರಿಕ್ವೈರ್ಸ್ (ಅದು ಆಗದೆ ಇದು ಬೇಡ ಅಂತ) ಮತ್ತೆ ಆಫ್ಟರ್ ಎರಡೂ ಬೇಕು, ಬರೇ ಆಫ್ಟರ್ ಹಾಕಿದ್ರೆ ಯಾರ ನಂತರ ಯಾರು ಅಂತ ಮಾತ್ರ ಗೊತ್ತಾಗ್ತದೆ, ಮೊದಲಿನದ್ದು ಫೇಲ್ ಆದ್ರೂ ಇದು ಶುರುವಾಗ್ತದೆ.

ಇನ್ನು ಮೆಸೇಜ್. ಬೆಳಿಗ್ಗೆ ಬಾಗಿಲು ತೆಗೆದು ಸ್ವಿಚ್ ಹಾಕಿದವರು ಸ್ಕ್ರೀನ್ ನೋಡ್ತಾ ಕೂರುದಿಲ್ಲ, ನೀವು ಮಧ್ಯಾಹ್ನ ಬಂದು ಲಾಗ್ ತೆಗೆದಾಗ ಆ ಒಂದೇ ಸಾಲಲ್ಲಿ ವಿಷಯ ತಿಳೀಬೇಕು: "ಲೆಕ್ಕ-ಮೌಂಟ್: ಲೆಕ್ಕದ ಡಿಸ್ಕ್ ಮೌಂಟ್ ಆಗ್ಲಿಲ್ಲ, ಡಿವೈಸ್ ಕಾಣ್ತಾ ಇಲ್ಲ". ಯಾವ ಪ್ರೋಗ್ರಾಮ್, ಎಂತ ಮಾಡ್ಲಿಕ್ಕೆ ಹೋದದ್ದು, ಯಾಕೆ ಆಗ್ಲಿಲ್ಲ. ಈ "ಯಾಕೆ" ತುಂಬ ಮುಖ್ಯ, ಡಿವೈಸೇ ಕಾಣದಿದ್ರೆ ಕೇಬಲ್ ನೋಡ್ಬೇಕು, ಫೈಲ್‌ಸಿಸ್ಟಮ್ ಕೆಟ್ಟಿದ್ರೆ ಅದನ್ನು ಪರೀಕ್ಷಿಸಿ ಸರಿ ಮಾಡುವ ಎಫ್‌ಎಸ್‌ಸಿಕೆ ಓಡಿಸ್ಬೇಕು. ಮೌಂಟ್ ಕಮಾಂಡ್ ತಾನೇ ಕಾರಣ ಹೇಳ್ತದೆ, ದಯವಿಟ್ಟು ಅದನ್ನು ಡೆವ್ ನಲ್‌ಗೆ ತಳ್ಳಿ ಬಿಸಾಡ್ಬೇಡಿ.

ಮೆಸೇಜ್ ಬರೆಯುದು ಸ್ಟ್ಯಾಂಡರ್ಡ್ ಎರರ್‌ಗೆ, ಅಂದ್ರೆ ಎರರಿಗೆಂದೇ ಇರುವ ಔಟ್‌ಪುಟ್ ದಾರಿಗೆ. ಸ್ವಂತ ಲಾಗ್ ಫೈಲ್ ಬೇಡ, ಅಷ್ಟು ಬೇಗ ಅದನ್ನು ಇಡುವ ಜಾಗವೇ ಮೌಂಟ್ ಆಗಿರ್ಲಿಕ್ಕಿಲ್ಲ. ಸರ್ವಿಸ್ ಬರೆದದ್ದನ್ನು ಸಿಸ್ಟಮ್‌ಡಿ ತನ್ನ ಲಾಗ್ ಆದ ಜರ್ನಲಿಗೆ ಸೇರಿಸ್ತದೆ, ಸಾಲಿನ ಶುರುವಿಗೆ <3> ಅಂತ ಹಾಕಿದ್ರೆ ಅದನ್ನು ಎರರ್ ಅಂತ ಗುರುತು ಮಾಡಿ ಇಡ್ತದೆ, ಆಮೇಲೆ ಎರರ್ ಮಾತ್ರ ಬೇರೆ ಮಾಡಿ ನೋಡ್ಬಹುದು. ಒಂದು ಚೆಕ್ ಮಾಡಿ, ವಾರ್ ಲಾಗ್ (/var/log) ಒಳಗೆ ಜರ್ನಲ್ ಅನ್ನುವ ಫೋಲ್ಡರ್ ಇಲ್ಲದಿದ್ರೆ ಸಾಮಾನ್ಯವಾಗಿ ಜರ್ನಲ್ ಮೆಮೊರಿಯಲ್ಲೇ ಇರ್ತದೆ, ಇನ್ನೊಮ್ಮೆ ಕರೆಂಟ್ ಹೋದ್ರೆ ಬೆಳಗ್ಗಿನ ಎರರ್ ಕೂಡ ಹೋಯ್ತು. ಆ ಫೋಲ್ಡರ್ ಇವತ್ತೇ ಮಾಡಿ.